ಹತ್ತೊಂಬತ್ತನೇ ಬೀಜ

ಹತ್ತೊಂಬತ್ತನೇ ಹುಣಸೆ ಬೀಜವನ್ನು ಬಟ್ಟಲಿಗೆ ಹಾಕಿ ಕೈ ಹಿಂದಕ್ಕೆ ತೆಗೆಯುವಷ್ಟರಲ್ಲಿ ತಂತಿ ಪಟ್ಟೆಂದು ಹರಿಯಿತು. ಮುನಿತಾಯಮ್ಮ ರಾಟೆಯ ಚಕ್ರವನ್ನು ಅಂಗೈಯಲ್ಲಿ ತಡೆದು ನಿಲ್ಲಿಸಿದಳು. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಮೂವತ್ತು ವರ್ಷ ರೇಷ್ಮೆ ಸುತ್ತಿದ ಕೈ ಅದು. ಅವಳು ಅಲ್ಲಿಯವರೆಗೆ ಸುತ್ತಿದ ಎಳೆಯನ್ನೆಲ್ಲ ಬಿಚ್ಚಿ ಎಳೆದಿದ್ದರೆ ಚಂದ್ರಲೋಕಕ್ಕೆ ಹೋಗಿ, ಅಲ್ಲೊಂದು ಗೂಟಕ್ಕೆ ಸುತ್ತು ಹಾಕಿಕೊಂಡು ವಾಪಸು ಬಂದು, ಇನ್ನೂ ಎರಡು ಸೀರೆಗಾಗುವಷ್ಟು ಮಿಗುತ್ತಿತ್ತು. ಅಂಥವಳಿಗೆ ತಲೆಗೂದಲಿನಷ್ಟು ಸಣ್ಣದಾದ ತಾಮ್ರದ ತಂತಿ ಯಾವ ಲೆಕ್ಕ? ಎರಡು ತುದಿಗಳನ್ನೂ ನಾಲಗೆಗೆ ತಾಗಿಸಿ, ಬೆರಳುಗಳ ನಡುವೆ ಒಮ್ಮೆ ಹೊಸೆದು ಗಂಟು ಹಾಕಿದಳು. ಅವಳ ಗಂಟು ಕಣ್ಣಿಗೆ ಕಾಣುವುದಿಲ್ಲ, ಸವರಿದರೆ ಬೆರಳಿಗೂ ಸಿಗುವುದಿಲ್ಲ. ಅಂಥ ಗಂಟುಗಳಿರುವ ಸೀರೆಯುಟ್ಟು ಮೈಸೂರು, ಮದರಾಸಿನ ಹೆಂಗಸರು ಮದುವೆಯಾಗಿ, ಮಕ್ಕಳ ಮದುವೆಯನ್ನೂ ಮಾಡಿದ್ದರು. ರಾಟೆ ಮತ್ತೆ ತಿರುಗಿತು. ನೂರು ಸುತ್ತಿಗೊಂದರ ಲೆಕ್ಕದಲ್ಲಿ, ಎರಡು ಸಾವಿರದ ನಾನೂರನೇ ಸುತ್ತಿಗೆ ಇಪ್ಪತ್ತನಾಲ್ಕನೇ ಬೀಜ ಬಿತ್ತು.

ಇಷ್ಟೆಲ್ಲ ಸಾಹಸಕ್ಕೆ ಕಾರಣ ಮೈಸೂರಿನಿಂದ ಬಂದಿದ್ದ ಒಂದು ಕಾರ್ಡು. ಅವಳ ಒಬ್ಬಳೇ ಮಗಳು ಗಂಗಲಕ್ಷ್ಮಮ್ಮ ಮದುವೆಯಾಗಿ ಅಲ್ಲಿಗೆ ಹೋಗಿ ಮೂರು ವರ್ಷವಾಗಿತ್ತು. ಬರುವ ಶುಕ್ರವಾರ ಸಾಯಂಕಾಲ ಆರೂವರೆಗೆ ರೇಡಿಯೋದಲ್ಲಿ ಕಾಲು ಗಂಟೆ ಹಾಡುತ್ತೇನೆ, ಮೊದಲು ಒಂದು ದೇವರ ನಾಮ, ಆಮೇಲೆ ನಿನ್ನ ರಾಟೆಯ ಪದ, ಅಪ್ಪನಿಗೂ ಕೇಳಿಸು ಎಂದು ಬರೆದಿದ್ದಳು. ರಾಟೆಯ ಪದವೆಂದರೆ ಮುನಿತಾಯಮ್ಮ ತಾನೇ ಕಟ್ಟಿ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಳೆಯ ಜೊತೆಗೇ ಅವಳ ಕಿವಿಗೆ ಸುತ್ತಿದ್ದು. ಅದು ಗಾಳಿಯಲ್ಲಿ ಹಾರಿ ಬರುತ್ತದೆ ಎಂದರೆ ಯಾವ ತಾಯಿ ಸುಮ್ಮನಿದ್ದಾಳು? ಐದು ದಿನ ಅವಳು ಉಣ್ಣಲಿಲ್ಲ, ಮಲಗಲಿಲ್ಲ; ಇಡೀ ಬೀದಿಗೆ ಕಾರ್ಡನ್ನು ಎಷ್ಟು ಸಲ ಓದಿಸಿದಳೆಂದರೆ ಅಕ್ಷರಗಳೇ ಸವೆದು ಹೋದವು.

ತೊಂದರೆ ಎರಡಿತ್ತು. ಬೀದಿಗೆಲ್ಲ ಇದ್ದದ್ದು ಒಂದೇ ರೇಡಿಯೋ, ಜವಳಿ ಅಂಗಡಿಯ ಆದಿನಾರಾಯಣಪ್ಪನದು. ಅದರ ಸ್ಪೀಕರಿನ ಕಾಗದವನ್ನು ಇಲಿ ತಿಂದು ಮುಗಿಸಿತ್ತು. ಬೊಂಬಾಯಿಯಿಂದ ಹೊಸದು ಬರಲು ತಿಂಗಳು ಬೇಕು. ಎರಡನೆಯದು ಅವಳ ಗಂಡ ಸೊಣ್ಣಪ್ಪನ ಕಿವಿ. ಮಗ್ಗದ ಸದ್ದಿಗೆ ಅವನ ಬಲಗಿವಿ ಪೂರ್ತಿ ಮುಚ್ಚಿ, ಎಡಗಿವಿ ಕಾಲುಭಾಗ ಉಳಿದಿತ್ತು. ಗುಡುಗಿದರೆ, ಯಾರು ಬಾಗಿಲು ಬಡಿದದ್ದು ಎಂದು ಕೇಳುವ ಆಸಾಮಿ.

ಆಗ ನಡುವೆ ಬಂದವನು ಮುನಾವರ್ ಪಾಷಾ. ಯುದ್ಧದಲ್ಲಿ ಬರ್ಮಾದ ಕಡೆ ವೈರ್‌ಲೆಸ್ ಕೆಲಸ ಮಾಡಿ ಬಂದು, ಬಸ್ ಸ್ಟ್ಯಾಂಡಿನ ಪಕ್ಕ ಒಂದು ಬಾಗಿಲಿನ ರಿಪೇರಿ ಅಂಗಡಿ ಇಟ್ಟಿದ್ದ. ತಾನು ಒಂದು ಮೊಳ ತಂತಿಯಿಂದ ಜಪಾನಿನ ಅರ್ಧ ಸೈನ್ಯವನ್ನು ದಾರಿ ತಪ್ಪಿಸಿದವನೆಂದು ಅವನೇ ಹೇಳುತ್ತಿದ್ದ. ಸ್ಪೀಕರ್ ಇಲ್ಲದಿದ್ದರೇನು, ಕಿವಿಗೇ ಕಟ್ಟುತ್ತೇನೆ ಎಂದು ಎರಡು ಹೆಡ್‌ಫೋನು ತಂದ. ಒಂದು ಬೆಂಗಳೂರಿನಲ್ಲಿ ಹರಾಜಾದ ಮಿಲಿಟ್ರಿ ಸಾಮಾನಿನದು, ಬೆನ್ನ ಮೇಲೆ ಅರವತ್ತು ಓಮ್ಸ್ ಎಂದು ಬರೆದಿತ್ತು. ಇನ್ನೊಂದು ಆದಿನಾರಾಯಣಪ್ಪನ ಅಟ್ಟದಲ್ಲಿ ಬಿದ್ದಿದ್ದ ಹಳೆಯದು, ಎರಡು ಸಾವಿರ ಓಮ್ಸಿನದು. ಎರಡನ್ನೂ ಸ್ಪೀಕರಿನ ತಂತಿಗೇ ಸಿಕ್ಕಿಸಿದಾಗ ಮಿಲಿಟ್ರಿಯದು ತಮಟೆಯಂತೆ ಬಾರಿಸಿತು, ಹಳೆಯದು ಸೊಳ್ಳೆಯಂತೆ ಗುಂಯ್ಗುಟ್ಟಿತು.

ಪಾಷಾ ಅದನ್ನು ಮುನಿತಾಯಮ್ಮನಿಗೆ ಬಿಡಿಸಿ ಹೇಳಿದ. ಒಂದು ಅಗಲ ಬಾಯಿಯ ಬಿಂದಿಗೆ, ಒಂದು ಸೂಜಿ ಬಾಯಿಯ ಸೀಸೆ. ಬಿಂದಿಗೆಗೆ ಸುಮ್ಮನೆ ಸುರಿದರೂ ತುಂಬುತ್ತದೆ, ಸೀಸೆಗೆ ಒತ್ತಿ ತುಂಬಬೇಕು. ಒತ್ತುವುದಕ್ಕೆ ಒಂದು ಸುರುಳಿ ಬೇಕು: ಒಳಗೆ ದಪ್ಪ ತಂತಿ ನೂರ ಹತ್ತು ಸುತ್ತು, ಅದರ ಮೇಲೆ ಸಣ್ಣ ತಂತಿ ಎರಡು ಸಾವಿರದ ನಾನೂರು. ಕೈಯಲ್ಲಿ ಸುತ್ತಿದರೆ ಮುಗಿಯುವಷ್ಟರಲ್ಲಿ ದೀಪಾವಳಿಯಾಗುತ್ತದೆ. ಹೀಗೆ ಹೇಳುತ್ತ ಅವನ ಕಣ್ಣು ಅವಳ ರಾಟೆಯ ಮೇಲೆ ನಿಂತಿತು.

ಹಾಗಿದ್ದರೆ ಮಿಲಿಟ್ರಿಯದನ್ನೇ ಬಾಗಿಸಿ, ಗಂಡನಿಗೊಂದು ಕಿವಿ ಹೆಂಡತಿಗೊಂದು ಕಿವಿ ಕೊಟ್ಟರಾಗದೇ ಎಂದು ಆದಿನಾರಾಯಣಪ್ಪ ಕೇಳಿದ್ದ. ಮುನಿತಾಯಮ್ಮ ಅವನನ್ನು ನೋಡಿದ ನೋಟಕ್ಕೆ ಅವನ ಅಂಗಡಿಯ ಖಾದಿಯೆಲ್ಲ ಬಣ್ಣ ಬಿಟ್ಟಿರಬೇಕು. ಇಡೀ ಬೀದಿಯ ಎದುರು ಗಂಡನ ಕೆನ್ನೆಗೆ ಕೆನ್ನೆ ಹಚ್ಚಿ ಕೂರುವುದೇ? ಅದಕ್ಕಿಂತ ಎರಡು ಸಾವಿರದ ನಾನೂರು ಸುತ್ತು ಸುತ್ತುವುದೇ ಸುಲಭ ಎಂದುಕೊಂಡೇ ಅವಳು ರಾಟೆಗೆ ಕೂತಿದ್ದು.

ಶುಕ್ರವಾರ ಆರು ಗಂಟೆಗೆ ಆದಿನಾರಾಯಣಪ್ಪನ ಜಗಲಿಯಲ್ಲಿ ಸೇರಿದ ಜನವನ್ನು ನೋಡಿದ್ದರೆ ಮಹಾರಾಜರ ಸವಾರಿಯೂ ನಾಚಿಕೊಂಡು ಹಿತ್ತಲ ದಾರಿ ಹಿಡಿಯುತ್ತಿತ್ತು. ಈ ಬೀದಿಯ ಮಗ್ಗಗಳು ನಿಂತರೂ ಪಕ್ಕದ ಬೀದಿಯವು ಟಕಟಕ ಎನ್ನುತ್ತಲೇ ಇದ್ದವು. ಪಾಷಾ ಸುರುಳಿಯ ಹೊಟ್ಟೆಯಲ್ಲಿ ತಗಡಿನ ಪಟ್ಟಿಗಳನ್ನು ತುಂಬಿ ರೇಡಿಯೋಕ್ಕೆ ಸೇರಿಸಿದ. ಗಾಜಿನ ವಾಲ್ವುಗಳು ಕೆಂಡದ ಹಾಗೆ ಕೆಂಪಗಾದವು. ಮಿಲಿಟ್ರಿಯದನ್ನು ಸೊಣ್ಣಪ್ಪನ ತಲೆಗೆ ತೊಡಿಸಿದ ಕೂಡಲೇ ಅವನು ಬೆಚ್ಚಿ ಹಿಂದೆ ತಿರುಗಿ ನೋಡಿದ. ಬಡ್ಡೀಮಗ ಯಾರೋ ಕಿವಿಯೊಳಗೇ ಮಾತಾಡ್ತಾವ್ನೆ ಎಂದು ಊರಿಗೇ ಕೇಳುವಂತೆ ಸಾರಿದ. ಜನ ಬಿದ್ದು ಬಿದ್ದು ನಕ್ಕರು.

ಹಳೆಯದನ್ನು ಮುನಿತಾಯಮ್ಮ ಹಾಕಿಕೊಂಡಳು. ಏನೂ ಇಲ್ಲ. ಸೊಳ್ಳೆಯೂ ಇಲ್ಲ.

ಪಾಷಾ ತಂತಿ ತಿರುಚಿದ, ವಾಲ್ವು ಒತ್ತಿದ, ಹೆಡ್‌ಫೋನನ್ನು ನಾಲಗೆಯಲ್ಲಿ ಮುಟ್ಟಿ ನೋಡಿದ. ಅವನ ಹಣೆಯಿಂದ ಇಳಿದ ಬೆವರಿನಲ್ಲಿ ಒಂದು ಗದ್ದೆ ನಾಟಿ ಮಾಡಬಹುದಿತ್ತು. ಗೋಡೆಯ ಗಡಿಯಾರ ಆರು ಇಪ್ಪತ್ತೈದು ತೋರಿಸುತ್ತಿತ್ತು. ಕೊನೆಗೆ ಅವನು ಸುರುಳಿಯನ್ನು ಕೈಯಲ್ಲಿ ಹಿಡಿದು, ಎಲ್ಲೋ ಒಳಗೆ ತಂತಿ ಸೇರಿಲ್ಲ, ಆದರೆ ನಿಮ್ಮಂಥವರ ಕೈಯಲ್ಲಿ ಎಳೆ ಹರಿಯುವ ಮಾತೇ ಇಲ್ಲ ಎಂದ.

ಮುನಿತಾಯಮ್ಮನಿಗೆ ತನ್ನ ಗಂಟು ನೆನಪಾಯಿತು. ಬಾಯಿ ಬಿಡದಿದ್ದರೆ ತಪ್ಪು ಪಾಷಾನದಾಗುತ್ತದೆ, ಮಗಳ ಪದ ಹೋಗುತ್ತದೆ. ಬಾಯಿ ಬಿಟ್ಟರೆ ಎದುರು ಕೂತಿದ್ದಾಳೆ ಅಮ್ಮಯಮ್ಮ. ಇವಳ ಸರಿಸಮಕ್ಕೆ ರಾಟೆ ತಿರುಗಿಸುವವಳು, ಇವಳ ಎಳೆ ಹರಿಯುವುದನ್ನು ನೋಡಬೇಕೆಂದು ಮೂವತ್ತು ವರ್ಷ ಹರಕೆ ಹೊತ್ತವಳು. ಅವಳ ಮುಖ ನೋಡದೆಯೇ ಮುನಿತಾಯಮ್ಮ ಅಂದಳು:

"ಹರ್ದಿತ್ತು ಕಣಪ್ಪಾ. ನಾನೇ ಗಂಟಾಕ್ದೆ."

"ಅಯ್ಯೋ ನಮ್ಮವ್ವ, ನಿನ್ ರಾಟೇಲೂ ಎಳೆ ಹರೀತದಾ?" ಎಂದಳು ಅಮ್ಮಯಮ್ಮ, ಹಬ್ಬದೂಟ ಬಡಿಸಿದಂತೆ.

ಪಾಷಾ ಹಣೆ ಚಚ್ಚಿಕೊಂಡ. "ಅರೇ ಅಕ್ಕಾ, ಈ ತಂತಿ ಮೈಮೇಲೆ ಅರಗಿನ ಅಂಗಿ ಐತೆ. ನೀವು ಅಂಗಿಗೂ ಅಂಗಿಗೂ ಗಂಟು ಹಾಕಿದ್ದೀರಿ. ಮೈಗೆ ಮೈ ತಾಗಿಲ್ಲ. ಎಲ್ಲಿ ಅಂತ ಹುಡುಕೋದು ಈಗ?"

"ಹುಡುಕೋದ್ಯಾಕೆ? ಹತ್ತೊಂಬತ್ತನೇ ಬೀಜದತ್ರ."

ಆಮೇಲೆ ನಡೆದದ್ದನ್ನು ಆ ಬೀದಿಯವರು ಇನ್ನೂ ನೂರು ವರ್ಷ ಹೇಳಬಹುದು. ನಾಲ್ಕು ಜನ ಓಡಿ ರಾಟೆಯನ್ನೂ ಬೀಜದ ಬಟ್ಟಲನ್ನೂ ದೇವರನ್ನು ಹೊತ್ತಂತೆ ಹೊತ್ತು ತಂದರು. ಪಾಷಾ ತಗಡು ಬಿಚ್ಚಿ ಸುರುಳಿಯನ್ನು ಒಂದು ಮೊಳೆಗೆ ಸಿಕ್ಕಿಸಿ ಹಿಡಿದ; ಅವಳು ತಂತಿಯ ತುದಿಯನ್ನು ರಾಟೆಯ ಕದಿರಿಗೆ ಹಚ್ಚಿ ಚಕ್ರ ತಿರುಗಿಸಿದಳು. ಮೊದಲ ಬೀಜ ಬಟ್ಟಲಿನಿಂದ ಹೊರಗೆ ಬಿತ್ತು. ಬಿಚ್ಚಿ ಬರುವ ತಂತಿ ಸಂಜೆಯ ಬೆಳಕಿನಲ್ಲಿ ಕಾಣುತ್ತಲೇ ಇರಲಿಲ್ಲ. ಅವಳು ಬರಿಗಾಳಿಯನ್ನೇ ನೂಲುತ್ತಿರುವಂತಿತ್ತು.

ಗಡಿಯಾರ ಆರೂವರೆ ಮುಟ್ಟಿತು. ಸೊಣ್ಣಪ್ಪ ನೆಟ್ಟಗಾದ.

"ಮುನೀ, ಗಂಗಿ ಹೆಸ್ರು ಹೇಳುದ್ರು ಕಣೇ," ಎಂದು ಕೂಗಿದ. ಕಿವಿ ಮುಚ್ಚಿದ್ದರಿಂದ ಅವನ ದನಿ ನಂದಿಬೆಟ್ಟದವರೆಗೂ ಹೋಗಿರಬೇಕು. "ಕೆಮ್ಮಿದ್ಲು. ನೆಗ್ಡಿ ಆಗೈತೆ ಮಗೀಗೆ."

ಎರಡನೇ ಬೀಜ. ಮೂರನೆಯದು. ತಂತಿ ಈಗ ಹರಿದರೆ ಮುಗಿಯಿತು. ದೇವರ ನಾಮ ಶುರುವಾಗಿತ್ತು. ಸೊಣ್ಣಪ್ಪನ ಕಣ್ಣು ಮುಚ್ಚಿತ್ತು, ಕಾಲು ಮಗ್ಗದ ಹಲಗೆ ತುಳಿಯುವಂತೆ ತಾಳಕ್ಕೆ ಏಳುತ್ತ ಬೀಳುತ್ತ ಇತ್ತು. ಏನೂ ಕೇಳಿಸದ ಇನ್ನೂರು ಜನ ಆ ಕಾಲನ್ನು ನೋಡಿಕೊಂಡೇ ತಲೆದೂಗುತ್ತಿದ್ದರು. ನಡುವೆ ಅವನು ಕಣ್ಣು ತೆರೆದು ಹೆಂಡತಿಯನ್ನು ನೋಡಿ, ಹೆಡ್‌ಫೋನಿನ ಒಂದು ಬಟ್ಟಲನ್ನು ಎಳೆದು ಹಿಡಿದ.

"ಬಾರೇ ಇತ್ಲಾಗೆ, ಒಂದ್ ಕಿವಿ ಇಕ್ಕೋ. ಯಾರೇನಂದ್ಕೊಂಡ್ರೆ ನಮಗೇನು?"

ಅವಳು ತಲೆ ಎತ್ತಲಿಲ್ಲ. ನಾಲ್ಕನೇ ಬೀಜ. ನಾನು ಹಾಕಿದ ಗಂಟು, ನಾನೇ ಬಿಡಿಸುತ್ತೇನೆ ಎಂಬಂತೆ ಚಕ್ರ ತಿರುಗುತ್ತಲೇ ಇತ್ತು. ಐದನೇ ಬೀಜ ನೆಲಕ್ಕೆ ಬಿದ್ದಾಗ ಅವಳ ಬೆರಳು ತಾನಾಗಿ ನಿಂತಿತು. ಪಾಷಾ ಕಣ್ಣಿಗೆ ಭೂತಗನ್ನಡಿ ಹಿಡಿದು ನೋಡಿದ. ಗಂಟು ಅಲ್ಲಿತ್ತು. ಅಮ್ಮಯಮ್ಮನೂ ಬಗ್ಗಿ ನೋಡಿ, ಎರಡು ಸಲ ನೋಡಿದರೂ ಬರಿಗಣ್ಣಿಗೆ ಗಂಟು ಸಿಗದೆ, ನಿಧಾನಕ್ಕೆ ಹಿಂದೆ ಸರಿದಳು.

ಮಿಕ್ಕ ಐನೂರು ಸುತ್ತು ಬೇಡ, ಹತ್ತೊಂಬತ್ತು ನೂರೇ ಸಾಕು ಎಂದ ಪಾಷಾ. ಗಂಟಿನ ಈಚೆಗೆ ಕತ್ತರಿಸಿ, ಬ್ಲೇಡಿನಿಂದ ಅರಗು ಕೆರೆದು, ತಗಡು ತುಂಬಿ, ತಂತಿ ಹೊಸೆದ. ಬೆಸೆಯಲು ಹೊತ್ತಿರಲಿಲ್ಲ; ಹೊಸೆದದ್ದನ್ನು ಬೆರಳಲ್ಲಿ ಒತ್ತಿ ಹಿಡಿದುಕೊಂಡೇ ಕೂತ. ಹಳೆಯ ಹೆಡ್‌ಫೋನು ಮುನಿತಾಯಮ್ಮನ ತಲೆಗೆ ಏರುವಾಗ ಗಡಿಯಾರದಲ್ಲಿ ಇನ್ನು ನಾಲ್ಕು ನಿಮಿಷ ಉಳಿದಿತ್ತು.

ಮೊದಲು ಉಸಿರು ಕೇಳಿಸಿತು. ಮಗಳು ಪದ ಎತ್ತುವ ಮುಂಚೆ ಮೂಗಿನಲ್ಲಿ ಎಳೆದುಕೊಳ್ಳುವ ಉಸಿರು, ಚಿಕ್ಕಂದಿನಲ್ಲಿ ರಾಟೆಯ ಪಕ್ಕ ಕೂತಾಗಲೂ ಹಾಗೇ. ಆಮೇಲೆ ಹರೀಬ್ಯಾಡ್ವೇ ಎಳೆಯೇ ಎಂದು ದನಿ ಎದ್ದಿತು. ನೆಗಡಿಯಾಗಿದ್ದದ್ದು ನಿಜ. ಮುನಿತಾಯಮ್ಮನ ಕೈ ಗಾಳಿಯಲ್ಲೇ ಇಲ್ಲದ ಚಕ್ರವನ್ನು ಹಿಡಿಯಿತು. ಇನ್ನೂರು ಜನರೂ, ಪಕ್ಕದ ಬೀದಿಯ ಮಗ್ಗಗಳೂ, ಅಮ್ಮಯಮ್ಮನೂ, ಬೆರಳು ಒತ್ತಿ ಹಿಡಿದ ಪಾಷಾನೂ ಎಲ್ಲೋ ದೂರ ಹೋದರು.

ಪದ ಮುಗಿಯುವ ಹೊತ್ತಿಗೆ ಸೊಣ್ಣಪ್ಪ ಕಣ್ಣು ಬಿಟ್ಟ.

"ಏನ್ ಪದವೇ ಇದು," ಎಂದು ಕೂಗಿದ. "ಎಲ್ಲಿ ಕಲ್ತ್ಲು ಇದ್ನ? ನಾನ್ ಕೇಳೇ ಇಲ್ವಲ್ಲ."

ಯಾರೂ ನಗಲಿಲ್ಲ. ಅವನ ಮಗ್ಗಕ್ಕೂ ಅವಳ ರಾಟೆಗೂ ನಡುವೆ ಇದ್ದದ್ದು ನಾಲ್ಕು ಮಾರು ಜಾಗ. ಮುನಿತಾಯಮ್ಮ ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡು, ಗಂಡನ ಮುಖ ನೋಡಿದಳು.

ಮಾರನೆಯ ಬೆಳಿಗ್ಗೆ ಬೀದಿಯ ಮಗ್ಗಗಳೆಲ್ಲ ಎಂದಿನಂತೆ ಶುರುವಾದವು. ಸೊಣ್ಣಪ್ಪನದು ಶುರುವಾಗಲಿಲ್ಲ. ಅವನು ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು, ಲಾಳಿಯನ್ನು ತೊಡೆಯ ಮೇಲಿಟ್ಟುಕೊಂಡು, ಎಡಗಿವಿಯನ್ನು ರಾಟೆಯ ಕಡೆಗೆ ತಿರುಗಿಸಿ ಕೂತಿದ್ದ. ಕದಿರಿನ ಮೇಲೆ ತಾಮ್ರದ ಐನೂರು ಸುತ್ತು ಹಾಗೇ ಹೊಳೆಯುತ್ತಿತ್ತು. ಮುನಿತಾಯಮ್ಮ ಅದನ್ನು ಬಿಚ್ಚಲಿಲ್ಲ. ಅದರ ಮೇಲೇ ಕೆಂಪು ರೇಷ್ಮೆಯ ತುದಿ ಹಚ್ಚಿ, ಗಂಟಲು ಸರಿಮಾಡಿಕೊಂಡು, ಮೂಗಿನಲ್ಲಿ ಒಂದು ಉಸಿರು ಎಳೆದುಕೊಂಡಳು.