ನೂರಕ್ಕೆ ತೊಂಬತ್ತಾರು

ಬೋಗಿ ಮತ್ತೆ ಹಳಿ ತಪ್ಪಿ ಮಗುಚಿತು. ಐದನೆಯ ಸಲ. ಅಣ್ಣ ಅದನ್ನು ಎತ್ತಿ, ಗಾಲಿಗಳನ್ನು ಊದಿ, ಮತ್ತೆ ಇಟ್ಟ.

"ಧೂಳಿರಬೇಕು," ಎಂದ ಇವನು. ಧೂಳಲ್ಲವೆಂದು ಇವನಿಗೆ ಗೊತ್ತಿತ್ತು.

ಆಟದ ರೈಲಿನ ಹಳಿ, ತಿರುವು, ಕವಲು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಎಳೆದು, ಹದಿನಾಲ್ಕು ಹಾಳೆಗಳಲ್ಲಿ ಮುದ್ರಿಸಿ ಕೊಟ್ಟವನು ಇವನು. ಹಾಳೆಗಳನ್ನು ಊಟದ ಮೇಜಿಗೆ ಅಂಟಿಸಿ, ಗೆರೆಗೆ ಸರಿಯಾಗಿ ಬೆಂಕಿಕಡ್ಡಿಯಷ್ಟು ಮರದ ಪಟ್ಟಿಗಳನ್ನು ಕೂರಿಸಿ, ಮೇಲೆ ಅದೇ ಗೆರೆಗೆ ಹಳಿ ಜೋಡಿಸಿದವನು ಅಣ್ಣ. ಐದು ತಿಂಗಳ ಕೆಲಸ. ಕೈ ನಡುಗುತ್ತದೆಂದು ಕಾರ್ಖಾನೆಯ ಲೇತ್ ಬಿಟ್ಟ ಮೇಲೆ ಅಣ್ಣ ಹಿಡಿದ ಮೊದಲ ಕೆಲಸ.

ಮೊದಲ ಸಲ ಮಗುಚಿದಾಗ ಅಣ್ಣ ಕನ್ನಡಕ ತರಲು ಒಳಗೆ ಹೋಗಿದ್ದ. ಇವನು ಹಾಳೆಯ ಅಂಚಿನ ಅಳತೆಗೆರೆಗೆ ಸ್ಕೇಲು ಹಿಡಿದಿದ್ದ. ಗೆರೆಯ ಪಕ್ಕ ನೂರು ಮಿಲಿಮೀಟರ್ ಎಂದು ಬರೆದಿತ್ತು, ಇದ್ದದ್ದು ತೊಂಬತ್ತಾರು. ಮುದ್ರಿಸುವಾಗ 'ಹಾಳೆಗೆ ಹೊಂದಿಸು' ಎಂಬಲ್ಲಿದ್ದ ಗುರುತನ್ನು ಇವನು ತೆಗೆದಿರಲಿಲ್ಲ; ಇಡೀ ನಕ್ಷೆ ಅಷ್ಟು ಕುಗ್ಗಿತ್ತು. ಪರೀಕ್ಷೆಯಲ್ಲಾದರೆ ತೊಂಬತ್ತಾರು ಒಳ್ಳೆಯ ಅಂಕವೇ.

ಅತ್ತಿಗೆ ಬಾಗಿಲಲ್ಲಿ ನಿಂತರು. "ಐದು ತಿಂಗಳು ನೆಲದ ಮೇಲೆ ಕೂತು ಉಂಡಿದ್ದೀವಿ. ಆ ಪುಣ್ಯಕ್ಕಾದರೂ ಒಂದು ಸುತ್ತು ಬರಬಾರದಾ ನಿಮ್ಮ ರೈಲು?"

"ಸಿಗ್ನಲ್ ಬಿದ್ದಿಲ್ಲ ಕಣೆ," ಎಂದ ಅಣ್ಣ. ಯಾರೂ ನಗಲಿಲ್ಲ. ಅತ್ತಿಗೆ ಒಳಗೆ ಹೋದರು.

"ಅಣ್ಣಾ, ನನ್ನ ಅಳತೆಯೇ ಏನಾದರೂ..."

"ನಿಂದಾ? ಸುಮ್ಮನಿರೋ. ನಿನ್ನನ್ನ ಸಂಜೆ ಕಾಲೇಜಿಗೆ ಕಳಿಸಿದ್ದು ಯಾಕೆ ಮತ್ತೆ?"

ಹೊಗಳಿಕೆ ಬಾಯಿಗೆ ಬೀಗ ಹಾಕಿತು. ಬೀಗ ಹಾಕಿದ್ದಕ್ಕೆ ಒಳಗೊಳಗೇ ಹಗುರವಾಯಿತು. ಆ ಹಗುರಕ್ಕೆ ನಾಚಿಕೆಯೂ ಆಯಿತು.

ಅಣ್ಣ ಹಳಿಗಳ ನಡುವೆ ಅಳತೆಯ ಕಡ್ಡಿ ಇಟ್ಟು ನೋಡಿದ. "ಇಲ್ಲಿ ಕಿರಿದು. ಇಲ್ಲೂ ಕಿರಿದು." ಮೇಜಿನ ಸುತ್ತ ಒಂದು ಸುತ್ತು ಬಂದ. ಎಲ್ಲ ಕಡೆಯೂ ಅಷ್ಟೇ ಕಿರಿದು. ನಡುಗುವ ಕೈ ಇಷ್ಟು ಒಂದೇ ಸಮನೆ ತಪ್ಪಲಾರದು. ಅದು ಅಣ್ಣನಿಗೆ ಈಗ ಹೊಳೆದೀತೆಂದು ಇವನು ಕಾದ. ಹೊಳೆಯಲಿ ಎಂದೋ, ಹೊಳೆಯದಿರಲಿ ಎಂದೋ, ಇವನಿಗೇ ತಿಳಿಯಲಿಲ್ಲ.

ಅಣ್ಣ ಕಡ್ಡಿ ಕೆಳಗಿಟ್ಟ.

"ಹೊಸ ಹಾಳೆ ಮುದ್ರಿಸಿ ತರಲಾ?"

"ಹಾಳೆ ತರ್ತೀಯ. ಕೈ ಎಲ್ಲಿಂದ ತರ್ತೀಯ?"

"ಹಾಗಲ್ಲ ಅಣ್ಣ."

"ಮತ್ತೆ ಹೇಗೆ?"

"ಏನಿಲ್ಲ."

ಅಣ್ಣ ಬ್ಲೇಡನ್ನು ಇವನತ್ತ ಸರಿಸಿದ. "ಕಿತ್ತುಬಿಡು ಎಲ್ಲ. ನೀನೇ ಕೀಳು. ಮೇಜಿಗೆ ಗೀರು ಬಿದ್ದರೆ ನಿಮ್ಮತ್ತಿಗೆ ಬಿಡಲ್ಲ."

ಈಗಲಾದರೂ ಹೇಳಬಹುದಿತ್ತು. ಒಂದೇ ವಾಕ್ಯ. ಮೊದಲ ಪಟ್ಟಿ ಬಿಟ್ಟು ಬರಲಿ, ಹೇಳೋಣ ಎಂದುಕೊಂಡ. ಅದು ಸುಲಭವಾಗಿ ಬಂತು. ಎರಡನೆಯದೂ ಬಂತು.

ಕಿತ್ತ ಕಡೆಯಲ್ಲೆಲ್ಲ ಅಂಟಿನ ಗುರುತು ಉಳಿಯಿತು. ಪ್ರತಿಯೊಂದೂ ಮುದ್ರಿಸಿದ ಗೆರೆಯ ಒಳಗೇ ಇತ್ತು; ಕೂದಲೆಳೆಯಷ್ಟೂ ಹೊರಗೆ ಹೋಗಿರಲಿಲ್ಲ. ಇವನು ಮುಂದಿನ ಪಟ್ಟಿಯ ಕೆಳಗೆ ಬ್ಲೇಡು ತೂರಿಸಿದ. ಅಣ್ಣ ನೋಡುತ್ತಿರಲಿಲ್ಲ. ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದ.