ಎಫ್ ಒನ್ ಒತ್ತಲು ಬಂದ ಮಾವ

ಕನ್ನಡಕದಂಗಡಿಯ ಕಂಪ್ಯೂಟರ್ ಎಷ್ಟು ಹಳೆಯದೆಂದರೆ, ಅದರ ಗುಂಡಿ ಒತ್ತಿ, ಶಟರ್ ಪೂರ್ತಿ ಎತ್ತಿ, ಗಾಜಿನ ಕಪಾಟುಗಳನ್ನೆಲ್ಲ ಒರೆಸಿ ಬರುವಷ್ಟರಲ್ಲಿ ಅದು ಎದ್ದು ಕೂತಿದ್ದರೆ ಪುಣ್ಯ. ಅಂಗಡಿ ನಡೆಸುವಾಕೆಯನ್ನು ಗಿರಾಕಿಗಳು ಕನ್ನಡಕದಕ್ಕ ಎಂದೇ ಕರೆಯುತ್ತಿದ್ದರು. ಕಂಪ್ಯೂಟರಿನ ವಯಸ್ಸಿನ ಬಗ್ಗೆ ಅವಳಿಗೆ ತಕರಾರಿರಲಿಲ್ಲ. ತಕರಾರಿದ್ದುದು ಅದರ ಬಾಲಗಳ ಬಗ್ಗೆ. ಕೀಬೋರ್ಡಿನದೊಂದು, ಮೌಸಿನದೊಂದು, ಎರಡು ವೈರುಗಳು ಕೌಂಟರಿನ ಮೇಲೆ ಅಡ್ಡಡ್ಡ ಬಿದ್ದಿರುತ್ತಿದ್ದವು. ಒಂದು ಮಧ್ಯಾಹ್ನ ಯಾರದೋ ಕೈಚೀಲ ಮೌಸಿನ ವೈರಿಗೆ ಸಿಕ್ಕಿಕೊಂಡು, ಹನ್ನೊಂದು ಫ್ರೇಮುಗಳು ಒಟ್ಟಿಗೆ ನೆಲ ಕಂಡವು. ಹನ್ನೊಂದರ ಕಡ್ಡಿಗಳನ್ನೂ ಮತ್ತೆ ಬಿಗಿ ಮಾಡಿದ ಆ ಸಂಜೆಯೇ ಅವಳು ವೈರಿಲ್ಲದ ಕೀಬೋರ್ಡು, ಮೌಸಿನ ಜೋಡಿಯನ್ನು ಕೊಂಡು ತಂದಳು.

ಉಗುರಿನಷ್ಟಿದ್ದ ರಿಸೀವರನ್ನು ಕಂಪ್ಯೂಟರಿನ ಬೆನ್ನಿಗೆ ಚುಚ್ಚಿ ಬ್ಯಾಟರಿ ಹಾಕಿದಳು. ಪರದೆಯ ಮೇಲೆ ಬಾಣ ಓಡಾಡಿತು, ಅಕ್ಷರ ಮೂಡಿತು. ಹಳೆಯ ಮೌಸು ಗುಜರಿ ಸೇರಿತು. ಹಳೆಯ ಕೀಬೋರ್ಡನ್ನು ಮನೆಯಲ್ಲಿದ್ದ ಮಾವ, ಅಂದರೆ ಗಂಡನ ಅಪ್ಪ, ಆಸೆಪಟ್ಟು ಕೇಳಿದರೆಂದು ಅವರಿಗೆ ಕೊಟ್ಟುಬಿಟ್ಟಳು.

ಮಾವ ಮೂವತ್ತಾರು ವರ್ಷ ಟೈಪಿಂಗ್ ಕಲಿಸಿದವರು. ತರಬೇತಿ ಶಾಲೆ ಮುಚ್ಚಿ, ಟೈಪ್‌ರೈಟರುಗಳೆಲ್ಲ ತೂಕಕ್ಕೆ ಹೋದ ಮೇಲೂ ಅವರ ಬೆರಳುಗಳು ನಿವೃತ್ತಿಯಾಗಿರಲಿಲ್ಲ. ಊಟದ ಮೇಜಿನ ಅಂಚಿನಲ್ಲಿ, ಕುರ್ಚಿಯ ಕೈಮೇಲೆ ಟಕಟಕ ಆಡುತ್ತಲೇ ಇದ್ದವು. ಒಮ್ಮೆ ನೆಂಟರ ಮಗುವನ್ನು ಮಲಗಿಸುವಾಗ ಅದರ ಬೆನ್ನ ಮೇಲೂ ಆಡಿದ್ದಕ್ಕೆ ಮಗು ಎದ್ದು ಕೂತಿತ್ತು. ಕೀಬೋರ್ಡು ಕೈಗೆ ಬಂದದ್ದೇ ತಡ, ಅದನ್ನು ತೊಡೆಯ ಮೇಲಿಟ್ಟುಕೊಂಡು, ಯಾವುದಕ್ಕೂ ಜೋಡಿಸದೆ, ಅರ್ಜಿಗಳನ್ನು ಬರೆಯತೊಡಗಿದರು. ನಲ್ಲಿಯ ನೀರಿನ ಬಗ್ಗೆ ಒಂದು, ಬಸ್ಸಿನ ಮೆಟ್ಟಿಲಿನ ಎತ್ತರದ ಬಗ್ಗೆ ಒಂದು, ಬಿಸ್ಕತ್ತುಗಳು ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಿರುವುದರ ಬಗ್ಗೆ ಸವಿಸ್ತಾರವಾಗಿ ಮೂರು. ಬರೆದು ಮುಗಿದ ಮೇಲೆ, ಟೈಪ್‌ರೈಟರಿನಿಂದ ತೆಗೆದಂತೆ, ಗಾಳಿಯಲ್ಲಿ ಇಲ್ಲದ ಹಾಳೆ ಎಳೆದು, ಓದಿ, ತಪ್ಪಿಲ್ಲವೆಂದು ತಲೆಯಾಡಿಸುವರು.

ಹೊಸ ಜೋಡಿ ಹಾಕಿದ ಮರುದಿನ ಬೆಳಿಗ್ಗೆ ಅಂಗಡಿಯ ಕಂಪ್ಯೂಟರ್ ಏಳಲಿಲ್ಲ. ಕಪ್ಪು ಪರದೆಯ ಮೇಲೆ ಎರಡೇ ಸಾಲು: ಕೀಬೋರ್ಡು ಕಾಣಿಸುತ್ತಿಲ್ಲ, ಮುಂದುವರಿಯಲು ಎಫ್ ಒನ್ ಒತ್ತಿ. ಇಲ್ಲದ ಕೀಬೋರ್ಡನ್ನು ಒತ್ತುವುದು ಹೇಗೆಂದು ಕನ್ನಡಕದಕ್ಕ ಕಕ್ಕಾಬಿಕ್ಕಿಯಾದಳು. ಹೊಸದರ ಮೇಲೆ ಒತ್ತಿದಳು, ಗುದ್ದಿದಳು, ಮಗುಚಿ ಹಾಕಿ ತಟ್ಟಿದಳು. ಮಾರಿದವನಿಗೆ ಫೋನು ಮಾಡಿದಾಗ ಅವನು ಸಾವಧಾನವಾಗಿ ವಿವರಿಸಿದ. ಹಳೆಯ ಯಂತ್ರ, ಪೂರ್ತಿ ಎಚ್ಚರವಾಗುವ ತನಕ ಅದಕ್ಕೆ ಹೊಸ ರಿಸೀವರಿನ ಗುರುತು ಹತ್ತುವುದಿಲ್ಲ. ಗುಂಡು ಪಿನ್ನಿನ ಹಳೆಯ ಕೀಬೋರ್ಡು ಹಾಕಿ ಒಂದು ಸಲ ಒತ್ತಿದರೆ ಸಾಕು, ಆಮೇಲೆ ಹೊಸದೇ ನಡೆಯುತ್ತದೆ.

ಕೀಬೋರ್ಡನ್ನು ಆಟೋದಲ್ಲಿ ಕಳಿಸಿಕೊಡಿ ಎಂದು ಅವಳು ಮನೆಗೆ ಹೇಳಿದರೆ, ಅದನ್ನು ಟವೆಲ್ಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಖುದ್ದು ಮಾವನೇ ಇಳಿದರು. ಪರರ ಕೈಗೆ ಕೊಟ್ಟರೆ ಗುಂಡಿಗಳ ಹದ ಕೆಡುತ್ತದಂತೆ. ಅವಳು ಪಿನ್ನು ಸಿಕ್ಕಿಸಿ ತೋರುಬೆರಳು ಚಾಚುತ್ತಿದ್ದಂತೆ ತಡೆದರು.

"ಎಡಗೈ ಕಿರುಬೆರಳು ಕಣಮ್ಮ. ಎಲ್ಲದಕ್ಕೂ ಒಂದು ಬೆರಳು ಅಂತ ಇದೆ."

ಬೆನ್ನು ನೆಟ್ಟಗೆ ಮಾಡಿ ಕೂತು, ಹತ್ತೂ ಬೆರಳುಗಳನ್ನು ಬಿಡಿಸಿ ಮಡಿಸಿ, ಕಿರುಬೆರಳಿನಿಂದ ಮೃದುವಾಗಿ ಒತ್ತಿದರು. ಕಂಪ್ಯೂಟರ್ ಎದ್ದಿತು. ಮಾವನ ಮುಖವೂ ಅರಳಿತು.

ಅಲ್ಲಿಂದ ಅದು ದಿನಚರಿಯಾಯಿತು: ದಿನಾ ಬೆಳಿಗ್ಗೆ ಕೀಬೋರ್ಡು ತರುವುದು, ಒತ್ತುವುದು, ಮತ್ತೆ ಟವೆಲ್ಲಿನಲ್ಲಿ ಸುತ್ತಿ ಮನೆಗೊಯ್ಯುವುದು. ವಾರ ಕಳೆಯುವುದರೊಳಗೆ, ಹೇಗೂ ಪಿನ್ನು ಹಾಕಿಯಾಗಿದೆಯಲ್ಲ ಎಂದು, ಬೆರಳು ಸಡಿಲವಾಗಲು ಒಂದಿಷ್ಟು ಟೈಪು ಮಾಡಿಯೇ ಏಳತೊಡಗಿದರು. ಅವರು ಟೈಪು ಮಾಡುವಾಗಲೇ ಪರದೆಯಲ್ಲಿ ಬಿಲ್ಲಿನ ಪುಟ ತೆರೆದಿರುತ್ತಿತ್ತು. ಹೀಗಾಗಿ ಬೇಕರಿಯವನ ರಸೀತಿಯಲ್ಲಿ, ಬಲಗಣ್ಣಿನ ನಂಬರು ಇರಬೇಕಾದಲ್ಲಿ, "ಮಾನ್ಯರೇ, ಬಿಸ್ಕತ್ತುಗಳು ತೆಳ್ಳಗಾಗಿರುವುದು ತಮ್ಮ ಗಮನಕ್ಕೆ ಬಂದಿರಬಹುದು" ಎಂದು ಅಚ್ಚಾಯಿತು. ಬೇಕರಿಯವನು ಹಳೆಯ ಕನ್ನಡಕದಲ್ಲೇ ಅದನ್ನು ಓದಿಕೊಂಡ. ಅರ್ಧ ಗಂಟೆಯಲ್ಲಿ ಒಂದು ಬಿಸ್ಕತ್ತು ಹಿಡಿದು ವಾಪಸು ಬಂದು, ಫ್ರೇಮು ಅಳೆಯುವ ಪಟ್ಟಿ ಇಸಿದುಕೊಂಡು, ಎಲ್ಲರೆದುರು ಅದರ ದಪ್ಪ ಅಳೆದು ತೋರಿಸಿದ. ಕನ್ನಡಕದಕ್ಕ ಬಿಸ್ಕತ್ತು ದಪ್ಪಗಿದೆಯೆಂದು ಮೂರು ಬಾರಿ ಒಪ್ಪಿಕೊಂಡ ಮೇಲೆಯೇ ಅವನು ಹೋದದ್ದು.

ಇನ್ನು ಆಗದೆಂದು ಅವಳು ರಿಪೇರಿಯಾಕೆಯನ್ನು ಕರೆಸಿದಳು. ಯಂತ್ರದೊಳಗಿನ ಒಂದು ಸೆಟ್ಟಿಂಗ್ ಬದಲಿಸಿದರೆ ಹೊಸ ಕೀಬೋರ್ಡನ್ನು ಅದು ಮೊದಲಿಂದಲೇ ಗುರುತಿಸುತ್ತದೆ, ಆದರೆ ಬದಲಿಸುವುದಕ್ಕೂ ಹಳೆಯ ಕೀಬೋರ್ಡೇ ಬೇಕು ಎಂದಳು ಆಕೆ. ಮಾವ ಟವೆಲ್ಲನ್ನು ಎದೆಗವಚಿಕೊಂಡರು. ಸೊಸೆ ಕೇಳಿದ ಮೇಲೆ ಕೊಟ್ಟರು. ರಿಪೇರಿಯಾಕೆ ಒಂದೇ ಬೆರಳಲ್ಲಿ ನಾಲ್ಕಾರು ಗುಂಡಿ ಕುಟ್ಟುವಷ್ಟು ಹೊತ್ತೂ ಅವರು ಬಾಗಿಲ ಕಡೆ ಮುಖ ತಿರುಗಿಸಿದ್ದರು.

ಮಾರನೆಯ ದಿನವೂ ಅವರು ಹೊತ್ತಿಗೆ ಸರಿಯಾಗಿ ಬಂದರು. ಪರದೆ ಆಗಲೇ ಬೆಳಗುತ್ತಿತ್ತು.

"ಯಾರಮ್ಮ ಒತ್ತಿದ್ದು?"

"ಯಾರೂ ಇಲ್ಲ ಮಾವ. ತಾನಾಗೇ ಎದ್ದುಬಿಡ್ತು."

ಅವರ ಮುಖ ಸಣ್ಣದಾಯಿತು. ಕನ್ನಡಕದಕ್ಕ, ಮನೆಗೆ ಹೋಗಿ ಎನ್ನಲು ಬಾಯಿ ಬರದೆ, ಬಿಸಿಲಿದೆ, ಕೂತಿರಿ ಎಂದಳು. ಅವರು ಗಿರಾಕಿಗಳ ಬೆಂಚಿನ ತುದಿಯಲ್ಲಿ ಕೂತು, ಕೀಬೋರ್ಡನ್ನು ತೊಡೆಗೇರಿಸಿ, ಅದರ ವೈರನ್ನು ನೀಟಾಗಿ ಜೇಬಿಗೆ ಸೇರಿಸಿದರು.

ಹೊತ್ತೇರಿ ಗಿರಾಕಿಗಳು ಸೇರಿದ ಮೇಲೆ, ಸರದಿಗೆ ಕಾದು ಕಾದು ಸಿಡಿಮಿಡಿಗೊಂಡಿದ್ದ ದರ್ಜಿ ಹೆಂಗಸು ಅವರನ್ನು ಅಂಗಡಿಯ ಗುಮಾಸ್ತರೆಂದೇ ತಿಳಿದಳು. ಸೂಜಿಗೆ ದಾರ ಪೋಣಿಸಲಾಗುತ್ತಿಲ್ಲ ಎಂದು ಶುರು ಮಾಡಿ, ಎಡಗಣ್ಣಲ್ಲಿ ನೀರು, ಓರಗಿತ್ತಿಯ ಮಾತು, ಮೇಲಿನ ಮನೆಯವರು ಕುರ್ಚಿ ಎಳೆಯುವ ಸದ್ದು, ಎಲ್ಲ ಹೇಳಿದಳು. ಮಾವ ತಲೆಯೆತ್ತದೆ ಟಕಟಕ ಇಳಿಸಿಕೊಂಡರು. ಒಮ್ಮೆ ಮಾತ್ರ, ಕುರ್ಚಿ ಮರದ್ದೋ ಕಬ್ಬಿಣದ್ದೋ ಎಂದು ವಿಚಾರಿಸಿದರು. ಕೊನೆಗೆ ಗಾಳಿಯಲ್ಲಿ ಹಾಳೆ ಎಳೆದು, ಎಲ್ಲ ಬಂದಿದೆ ಎಂದರು. ಒಂದಕ್ಷರವೂ ಎಲ್ಲೂ ದಾಖಲಾಗಿರಲಿಲ್ಲ. ಆದರೂ ಮೋರೆ ತಿಳಿಯಾದ ದರ್ಜಿ ಹೆಂಗಸು, ನನ್ನ ಸರದಿ ನಿಧಾನವಾಗಿ ಬರಲಿ ಎಂದುಬಿಟ್ಟಳು.

ತಿಂಗಳೊಳಗೆ ಅಂಗಡಿಯಲ್ಲಿ ಸರದಿಗಾಗಿ ಜಗಳವಾಡುವವರೇ ಇಲ್ಲವಾದರು. ಕಣ್ಣು ಸರಿಯಿದ್ದವರೂ ಬಂದು ಬೆಂಚಿನ ಮೇಲೆ ಕೂರತೊಡಗಿದರು.

ಒಂದು ಮಧ್ಯಾಹ್ನ ಅಂಗಡಿ ಖಾಲಿಯಿತ್ತು. ಕನ್ನಡಕದಕ್ಕ ಕೌಂಟರು ದಾಟಿ ಬಂದು ಮಾವನ ಪಕ್ಕ ಕೂತಳು. ಅವರ ಮಗನ ಗೊರಕೆಯ ಬಗ್ಗೆ ನಾಲ್ಕು ಮಾತು ಹೇಳಬೇಕಿತ್ತು ಎಂದಳು. ಮಾವ ಬೆನ್ನು ನೆಟ್ಟಗೆ ಮಾಡಿ ಬೆರಳು ಬಿಡಿಸಿದರು.

"ಹೇಳಮ್ಮ. ಕಾರ್ಬನ್ ಹಾಕ್ಲಾ? ಅವನಿಗೂ ಒಂದು ಪ್ರತಿ ಬೇಕಾಗುತ್ತೆ."