ನೋವಿಲ್ಲ ಅಂದ ನಾಲಗೆ

ಕ್ಯಾನ್ಸರ್ ವಾಸಿಯಾಗಲು ದೊಡ್ಡಕ್ಕ ತೆತ್ತದ್ದು ಇಷ್ಟು: ಎಡ ಮೊಲೆ, ತಲೆಗೂದಲು, ಐದು ತಿಂಗಳ ಸಂಬಳ, ಕಿವಿಯ ಓಲೆ. ಜೀವ ಉಳಿಯಿತು. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಮತ್ತೆ ಬಂದಳು.

ಹಳೆ ಬಟ್ಟೆ ಉಂಡೆ ಮಾಡಿ ರವಿಕೆಯ ಖಾಲಿ ಕಡೆಗೆ ತುರುಕಿಕೊಳ್ಳುತ್ತಿದ್ದಳು. ಒದ್ದೆ ಚಾದರದ ಮೂಟೆ ಎತ್ತಿದರೆ ಅದು ಹೊಟ್ಟೆಗೆ ಜಾರುತ್ತಿತ್ತು. ಜತೆಯವರು ಮುಖ ತಿರುಗಿಸಿ ನಗುತ್ತಿದ್ದರು. ಒಂದೇ ಕಡೆಯ ಭಾರಕ್ಕೆ ಬೆನ್ನು ಸೊಟ್ಟಗಾಗಿ, ಮಲಗಿದರೂ ನೋವು ಬಿಡುತ್ತಿರಲಿಲ್ಲ.

ಕಾರ್ಮಿಕರ ವಿಮೆಯಲ್ಲಿ ಮೊಲೆ ಮತ್ತೆ ಕಟ್ಟಿಕೊಡುತ್ತಾರೆ ಎಂದು ಆಪರೇಷನ್ ಮಾಡುವ ಡಾಕ್ಟರಮ್ಮನೇ ಅರ್ಜಿ ಹಾಕಿಸಿದರು. ತೀರ್ಮಾನದ ದಿನ ಮೇಜಿನ ಆಚೆ ಅವರು, ಪಕ್ಕದಲ್ಲಿ ವಿಮೆ ಅಧಿಕಾರಿ.

"ಸಕ್ಕರೆ ಕಾಯಿಲೆ ಇಲ್ಲ, ಬೀಡಿ ಸಿಗರೇಟು ಇಲ್ಲ. ಕ್ಯಾನ್ಸರಿಗೆ ರೇಡಿಯೇಷನ್ ಕರೆಂಟು ಕೊಟ್ಟು ವರ್ಷ ದಾಟಿದೆ, ಚರ್ಮ ಚೆನ್ನಾಗಿದೆ. ಹೊಟ್ಟೆಯ ಕೊಬ್ಬು ತೆಗೆದು ಕಟ್ಟಬಹುದು. ಇವರಿಗೆ ಖಂಡಿತ ಆಗುತ್ತೆ," ಅಂದರು ಡಾಕ್ಟರಮ್ಮ.

ಅಧಿಕಾರಿ ಕಾಗದದಿಂದ ತಲೆ ಎತ್ತಲಿಲ್ಲ. "ಆಗುತ್ತೆ, ಸರಿ. ಬೇಕಾ? ವಯಸ್ಸು ನಲವತ್ತೇಳು. ಗಂಡ ಇಲ್ಲ. ಯಾರಿಗೆ ತೋರಿಸಬೇಕಮ್ಮ?"

"ನೀವು ತಲೆಗೆ ಬಣ್ಣ ಹಚ್ಚಿದ್ದೀರಲ್ಲ ಸಾರ್, ಅದು ಯಾರಿಗೆ ತೋರಿಸೋಕೆ?"

ಡಾಕ್ಟರಮ್ಮ ನಗು ನುಂಗಿದರು. ಅಧಿಕಾರಿಯ ಪೆನ್ನು ನಿಂತಿತು. ಮೆಲ್ಲಗೆ ಕೇಳಿದ, "ಮೂಟೆ ಎತ್ತುವಾಗ ನೋವಿದೆಯಾ?"

"ಇಲ್ಲ ಸಾರ್, ಮೈ ಗಟ್ಟಿಯಾಗಿದೆ."

ಒಗೆಯುವ ಮನೆಯಲ್ಲಿ ಮೇಸ್ತ್ರಿ ದಿನಾ ಬೆಳಿಗ್ಗೆ ಅದನ್ನೇ ಕೇಳುತ್ತಿದ್ದ. ನೋವು ಅಂದವರು ಅಂದೇ ಮನೆಗೆ. ಹದಿನೆಂಟು ವರ್ಷ ಹೇಳಿದ್ದೇ ಹೇಳಿದ್ದು, ಇಲ್ಲಿಯೂ ನಾಲಗೆ ತಾನಾಗಿ ಹೇಳಿಬಿಟ್ಟಿತು.

"ನೋವಿಲ್ಲ. ಚಿಕಿತ್ಸೆ ಅನಗತ್ಯ." ಬಾಯಲ್ಲಿ ಹೇಳುತ್ತಲೇ ಅಧಿಕಾರಿ ಬರೆಯತೊಡಗಿದ.

"ಅಯ್ಯೋ, ತಡೀರಿ ಸಾರ್! ನೋವಿದೆ. ಸರಿಯಾಗಿ ನಿದ್ದೆ ಮಾಡಿ ವರ್ಷ ಆಯ್ತು. ಮೇಸ್ತ್ರಿಗೆ ಹೇಳೋ ಮಾತು ನಿಮಗೂ ಹೇಳಿಬಿಟ್ಟೆ."

"ನೋವಿದೆ ಅಂತ ಬರೆದರೆ ಮೂಟೆ ಎತ್ತೋಕೆ ಲಾಯಕ್ಕಿಲ್ಲ ಅಂತಲೂ ಬರೀಬೇಕಾಗುತ್ತೆ. ಯಾವುದು ಬರೀಲಿ? ಬೇಗ ಹೇಳು."

"ಏನ್ರೀ ಇದು ಅನ್ಯಾಯ!" ಅಂದರು ಡಾಕ್ಟರಮ್ಮ.

"ನಿಯಮ ಮೇಡಂ."

ದೊಡ್ಡಕ್ಕ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತಳು.

"ಬರಿಯಪ್ಪಾ, ನೋವಿದೆ ಅಂತಲೇ ಬರಿ. ಹದಿನೆಂಟು ವರ್ಷದ್ದೂ ಸೇರಿಸಿ ಬರಿ."

ಅವನು ಬರೆದ. ವಾರದೊಳಗೆ ಅವಳ ಕೆಲಸ ಹೋಯಿತು. ಕೆಲಸದಲ್ಲಿ ಇಲ್ಲದವರಿಗೆ ವಿಮೆ ಇಲ್ಲ ಎಂದು ಇನ್ನೊಂದು ಕಾಗದ ಬಂತು. ಆಪರೇಷನ್ನೂ ಹೋಯಿತು.